ಕಡಲೆಕಾಯಿ ಮಂಡಿಯಿಂದ ಶ್ವೇತಭವನಕ್ಕೆ

ರೈತನೊಬ್ಬ ಗದ್ದುಗೆ ಏರಿದರೆ ರೈತರ ಬವಣೆ ತೀರೀತೆ? ಅಮೆರಿಕದ 39ನೇ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ನೂರು ವರ್ಷಗಳ ಬದುಕಿನಲ್ಲಿ ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಸಿಗುವುದಿಲ್ಲ.

1979ರ ಫೆಬ್ರುವರಿ 5ರ ಬೆಳಿಗ್ಗೆ ವಾಷಿಂಗ್ಟನ್ ಸೇರುವ ಹೆದ್ದಾರಿಗಳಲ್ಲಿ ಕಾರುಗಳು ಮುಂದೆ ಹೋಗಲಾರದೆ ನಿಂತುಬಿಟ್ಟವು. ರಸ್ತೆ ತುಂಬ ಟ್ರ್ಯಾಕ್ಟರುಗಳು. ಟೆಕ್ಸಸ್, ಕೊಲರಾಡೊ, ಕನ್ಸಾಸ್ ಕಡೆಯ ರೈತರು ಚಳಿಗಾಲದ ಗಾಳಿಗೆ ಮೈಯೊಡ್ಡಿ ವಾರಗಟ್ಟಲೆ ಓಡಿಸಿಕೊಂಡು ಬಂದಿದ್ದರು. ಪೊಲೀಸರು ಉಪಾಯ ಮಾಡಿದರು. ಸಂಸತ್ ಭವನದ ಎದುರಿನ ವಿಶಾಲ ಮೈದಾನಕ್ಕೆ ಟ್ರ್ಯಾಕ್ಟರುಗಳನ್ನು ಇಳಿಸಿ, ಸುತ್ತಲೂ ಬಸ್ಸು, ಕಸದ ಲಾರಿಗಳನ್ನು ಅಡ್ಡ ನಿಲ್ಲಿಸಿ, ತುಡುಗು ದನಗಳನ್ನು ದೊಡ್ಡಿಗೆ ಕೂಡಿದಂತೆ ಕೂಡಿಹಾಕಿದರು. ಎರಡು ವಾರ ಕಳೆಯುವಷ್ಟರಲ್ಲಿ ನಗರದ ಮೇಲೆ ಒಂದೂವರೆ ಅಡಿ ಹಿಮ ಬಿತ್ತು. ಕಾರು, ಬಸ್ಸುಗಳೆಲ್ಲ ಕೆಟ್ಟು ಕೂತಾಗ ವೈದ್ಯರನ್ನೂ ದಾದಿಯರನ್ನೂ ಆಸ್ಪತ್ರೆಗೆ ಮುಟ್ಟಿಸಿದ್ದು ಇದೇ ಟ್ರ್ಯಾಕ್ಟರುಗಳು. ಮೊದಲು ಶಪಿಸಿದ್ದ ಜನ ಆಮೇಲೆ ಕೈಬೀಸಿದರು.

ರೈತರ ಸಿಟ್ಟು ಇದ್ದದ್ದು ಶ್ವೇತಭವನದ ಮೇಲೆ. ಅಲ್ಲಿ ಕೂತಿದ್ದವರು ಬೇಸಾಯ ತಿಳಿಯದ ವಕೀಲರೋ ಸೇನಾನಿಯೋ ಆಗಿರಲಿಲ್ಲ. ಬರಿಗಾಲಲ್ಲಿ ಹೇಸರಗತ್ತೆಯ ಹಿಂದೆ ಉಳುಮೆ ಮಾಡಿದ್ದವರು, ಕಡಲೆಕಾಯಿ ಬೆಳೆದು ಬದುಕಿದ್ದವರು, ತಾನು ರೈತ ಎಂದು ಹೇಳಿಕೊಂಡೇ ಓಟು ಕೇಳಿದ್ದವರು. ಅಂಥವರ ವಿರುದ್ಧವೇ ರೈತರು ದಂಡೆತ್ತಿ ಬಂದದ್ದು ಏಕೆಂದು ತಿಳಿಯಬೇಕಾದರೆ ಜಾರ್ಜಿಯ ರಾಜ್ಯದ ಕೆಂಪು ಮಣ್ಣಿನ ಹೊಲವೊಂದಕ್ಕೆ ಹೋಗಬೇಕು.

ಆರ್ಚರಿಯ ಹೊಲಮನೆ

ಕಾರ್ಟರ್ ಹುಟ್ಟಿದ್ದು 1924ರ ಅಕ್ಟೋಬರ್ 1ರಂದು, ಪ್ಲೇನ್ಸ್ ಎಂಬ ಪುಟ್ಟ ಊರಿನಲ್ಲಿ. ತಾಯಿ ಲಿಲಿಯನ್ ದಾದಿಯಾಗಿದ್ದ ಆಸ್ಪತ್ರೆಯಲ್ಲೇ ಹೆರಿಗೆಯಾಯಿತು. ಅಮೆರಿಕದ ಅಧ್ಯಕ್ಷರ ಪೈಕಿ ಆಸ್ಪತ್ರೆಯಲ್ಲಿ ಹುಟ್ಟಿದ ಮೊದಲಿಗರು ಅವರೇ. ಅವರಿಗೆ ನಾಲ್ಕು ವರ್ಷವಾದಾಗ ಸಂಸಾರ ಪಕ್ಕದ ಆರ್ಚರಿಯ ಹೊಲಕ್ಕೆ ಹೋಯಿತು. ಮನೆಗೆ ಕರೆಂಟು ಇರಲಿಲ್ಲ, ನಲ್ಲಿ ಇರಲಿಲ್ಲ. ಶೌಚಕ್ಕೆ ಹಿತ್ತಲು. ಗಾಳಿಯಂತ್ರ ಹಾಕಿ ನೀರನ್ನು ಮನೆಯೊಳಗೆ ತಂದಾಗ, ತಳಕ್ಕೆ ತೂತು ಕೊರೆದ ಡಬ್ಬಿಯೇ ಷವರ್ ಆಯಿತು. ರೂಸ್‌ವೆಲ್ಟ್ ಸರ್ಕಾರದ ಗ್ರಾಮೀಣ ವಿದ್ಯುದೀಕರಣ ಯೋಜನೆಯ ತಂತಿ ಆ ಮನೆಗೆ ಮುಟ್ಟುವಾಗ ಹುಡುಗ ಹದಿವಯಸ್ಸಿಗೆ ಕಾಲಿಟ್ಟಿದ್ದ.

ದಿನ ಶುರುವಾಗುತ್ತಿದ್ದದ್ದು ಬೆಳಗಾಗುವ ಮುನ್ನವೇ. ಜ್ಯಾಕ್ ಕ್ಲಾರ್ಕ್ ಎಂಬ ಕಪ್ಪುವರ್ಣೀಯ ಮೇಸ್ತ್ರಿ ಹೊಲದ ಗಂಟೆ ಬಾರಿಸಿದೊಡನೆ ಆಳುಗಳು ಎದ್ದು ಹೇಸರಗತ್ತೆ ಕಟ್ಟುತ್ತಿದ್ದರು. ಜಿಮ್ಮಿ ಬೆಳೆದದ್ದು ಅಪ್ಪ ಅಮ್ಮನ ಕೈಯಲ್ಲಿ ಎಷ್ಟೋ ಜ್ಯಾಕ್ ಮತ್ತು ಅವರ ಹೆಂಡತಿ ರೇಚಲ್ ಕೈಯಲ್ಲೂ ಅಷ್ಟೇ. ಮೀನು ಹಿಡಿಯುವುದು, ಹತ್ತಿ ಬಿಡಿಸುವುದು, ಮಣ್ಣಿನ ಬಗ್ಗೆ ಮಾತಾಡುವುದು ಎಲ್ಲ ಕಲಿತದ್ದು ರೇಚಲ್‌ರಿಂದ. ಅವರು ಹತ್ತಿ ಬಿಡಿಸುವ ವೇಗಕ್ಕೆ ಸರಿಸಾಟಿಯೇ ಇರಲಿಲ್ಲ ಎಂದು ಕಾರ್ಟರ್ ಮುದಿವಯಸ್ಸಿನಲ್ಲೂ ನೆನೆಯುತ್ತಿದ್ದರು. ಹುಡುಗನಿಗೆ ಅತಿ ಬೇಸರದ ಕೆಲಸ ಹತ್ತಿಗೆ ಮದ್ದು ಹಚ್ಚುವುದು. ಹತ್ತಿ ಕಾಯಿ ಕೊರೆಯುವ ಮೂತಿಹುಳುವನ್ನು ಕೊಲ್ಲಲು ಕಾಕಂಬಿ, ನೀರು, ಆರ್ಸೆನಿಕ್ ಕಲಸಿ ಬಟ್ಟೆಯ ಕುಂಚದಿಂದ ಗಿಡಗಿಡದ ಸುಳಿಗೂ ಸವರಬೇಕಿತ್ತು. ಸಂಜೆಯ ಹೊತ್ತಿಗೆ ಚಡ್ಡಿ ಅಂಟಂಟಾಗಿ ಸೆಟೆದು ನಿಲ್ಲುತ್ತಿತ್ತು, ನೊಣಗಳು ಬೆನ್ನುಬಿಡುತ್ತಿರಲಿಲ್ಲ.

ವ್ಯಾಪಾರ ಮಾತ್ರ ಐದನೇ ವಯಸ್ಸಿಗೇ ಹಿಡಿಸಿತು. ಹೊಲದಿಂದ ಕಡಲೆಕಾಯಿ ಬಳ್ಳಿ ಕಿತ್ತು, ಕಾಯಿ ಬಿಡಿಸಿ, ಉಪ್ಪುನೀರಲ್ಲಿ ಬೇಯಿಸಿ, ಅರ್ಧ ಪೌಂಡಿನ ಪೊಟ್ಟಣ ಕಟ್ಟಿ ಪ್ಲೇನ್ಸ್‌ನ ಬೀದಿಯಲ್ಲಿ ಒಂದೊಂದು 5 ಸೆಂಟಿಗೆ ಮಾರುತ್ತಿದ್ದ. ಕೂಡಿಟ್ಟ ಕಾಸಿನಲ್ಲಿ ಪೌಂಡಿಗೆ 5 ಸೆಂಟಿನ ಲೆಕ್ಕದಲ್ಲಿ ಐದು ಅಂಡಿಗೆ ಹತ್ತಿ ಕೊಂಡು ಅಪ್ಪನ ಉಗ್ರಾಣದಲ್ಲಿಟ್ಟ. ಧಾರಣೆ 18 ಸೆಂಟಿಗೆ ಏರಿದಾಗ ಮಾರಿ, ಊರಿನಲ್ಲಿ ಐದು ಸಣ್ಣ ಬಾಡಿಗೆ ಮನೆಗಳನ್ನು ಕೊಂಡ. ಶಾಲೆಗೆ ಹೋಗುವ ಹುಡುಗ ಆಗಲೇ ಮನೆ ಮಾಲೀಕ!

ಆರ್ಚರಿಯಲ್ಲಿ ಬಿಳಿಯರ ಮನೆಗಳು ಬೆರಳೆಣಿಕೆಯಷ್ಟು, ಉಳಿದವರೆಲ್ಲ ಕಪ್ಪು ಜನ. ಹಲವರು ಕಾರ್ಟರ್ ಕುಟುಂಬದ ಹೊಲವನ್ನು ಪಾಲಿಗೆ ಮಾಡುವವರು ಅಥವಾ ದಿನಗೂಲಿಗಳು. ಕಾಳುಕಡಿ, ಬಟ್ಟೆಬರೆ ಯಜಮಾನನ ಅಂಗಡಿಯಲ್ಲೇ ಉದ್ರಿ. ಸುಗ್ಗಿಯಲ್ಲಿ ಲೆಕ್ಕ ಚುಕ್ತಾ. ಜಿಮ್ಮಿಯ ಆಟದ ಸಂಗಾತಿಗಳೆಲ್ಲ ಕಪ್ಪು ಮಕ್ಕಳೇ. ಆದರೆ ಶಾಲೆ ಬೇರೆ, ಚರ್ಚು ಬೇರೆ, ಸಿನಿಮಾ ನೋಡಲು ಹೋಗುವ ರೈಲಿನಲ್ಲಿ ಕೂರುವ ಡಬ್ಬಿಯೂ ಬೇರೆ.

1938ರ ಜೂನ್‌ನ ಒಂದು ರಾತ್ರಿಯನ್ನು ಕಾರ್ಟರ್ ಕೊನೆಯವರೆಗೂ ಮರೆಯಲಿಲ್ಲ. ಕಪ್ಪು ಮುಷ್ಟಿಯೋಧ ಜೋ ಲೂಯಿಸ್ ಮತ್ತು ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ನಡುವಿನ ಪಂದ್ಯ. ಕೇಳಲು ಬಂದ ನೆರೆಯ ಕಪ್ಪು ಜನರಿಗಾಗಿ ಅಪ್ಪ ಅರ್ಲ್ ಬ್ಯಾಟರಿ ರೇಡಿಯೊವನ್ನು ಕಿಟಕಿಯಲ್ಲಿಟ್ಟರು. ಅವರು ಅಂಗಳದಲ್ಲೇ ಕೂತು ಕೇಳಿದರು. ಮೊದಲ ಸುತ್ತಿನಲ್ಲೇ ಶ್ಮೆಲಿಂಗ್ ಮಣ್ಣುಮುಕ್ಕಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅರ್ಲ್ ಅವರಿಗೆ ವಿನಯದಿಂದ ಥ್ಯಾಂಕ್ಸ್ ಹೇಳಿ, ರೈಲುಹಳಿ ದಾಟಿ, ತಮ್ಮ ಗುಡಿಸಲ ಬಾಗಿಲು ಹಾಕಿಕೊಂಡ ಮೇಲೆ ಅವರ ಹರ್ಷೋದ್ಗಾರ ಮುಗಿಲು ಮುಟ್ಟಿತು. ಆಳುವವರ ಅಂಗಳದಲ್ಲಿ ಆಳು ತನ್ನ ಸಂತೋಷವನ್ನೂ ಬಚ್ಚಿಡಬೇಕು ಎಂಬುದನ್ನು ಹದಿಮೂರು ವರ್ಷದ ಹುಡುಗ ಅಂದು ಕಂಡ.

ಇನ್ನೊಂದು ಸಂಗತಿಯೂ ಈ ಕಥೆಗೆ ಮುಖ್ಯ. 1933ರಲ್ಲಿ ಬೆಲೆ ಕುಸಿತ ತಡೆಯಲು ಸರ್ಕಾರ, ನಿಂತ ಹತ್ತಿ ಬೆಳೆಯನ್ನು ಉತ್ತುಹಾಕಿದವರಿಗೆ ಪರಿಹಾರ ಕೊಟ್ಟಿತು, ಹಂದಿಮರಿಗಳನ್ನು ಕೊಲ್ಲಿಸಿತು. ಕೈಯಾರೆ ಬೆಳೆದದ್ದನ್ನು ಕೈಯಾರೆ ಹಾಳುಮಾಡುವುದೇ ಎಂದು ಅರ್ಲ್ ಕೆರಳಿದರು. ಆ ಮೇಲೆ ರೂಸ್‌ವೆಲ್ಟ್‌ಗೆ ಅವರು ಓಟು ಹಾಕಲೇ ಇಲ್ಲ. ಕರೆಂಟು ಕೊಟ್ಟ ಸರ್ಕಾರವೂ ಅದೇ, ಬೆಳೆ ಕೀಳಿಸಿದ ಸರ್ಕಾರವೂ ಅದೇ. ಮಗ ಎರಡನ್ನೂ ನೋಡಿದ್ದ.

ಉದ್ರಿ ಪುಸ್ತಕದ ಪಾಠ

ಹುಡುಗನ ಕಣ್ಣು ನೌಕಾಪಡೆಯ ಮೇಲಿತ್ತು. 1946ರಲ್ಲಿ ಅನಾಪೊಲಿಸ್‌ನ ನೌಕಾ ಅಕಾಡೆಮಿಯಿಂದ ಹೊರಬಂದು, ಅದೇ ವರ್ಷ ಊರಿನ ರೊಸಾಲಿನ್ ಅವರನ್ನು ಮದುವೆಯಾಗಿ, ಜಲಾಂತರ್ಗಾಮಿಗಳಲ್ಲಿ ಕೆಲಸ ಮಾಡಿದರು. ಅಣುಶಕ್ತಿಯ ಜಲಾಂತರ್ಗಾಮಿ ಕಟ್ಟುತ್ತಿದ್ದ ಹೈಮನ್ ರಿಕೋವರ್ ತಂಡಕ್ಕೆ ಆಯ್ಕೆಯಾದರು. ಮುಂದಿನ ದಾರಿ ನಿಚ್ಚಳವಾಗಿತ್ತು. ಅಷ್ಟರಲ್ಲಿ, 1953ರ ಜುಲೈನಲ್ಲಿ ಅರ್ಲ್ ಕ್ಯಾನ್ಸರಿನಿಂದ ತೀರಿಕೊಂಡರು.

ಅಪ್ಪನ ಕೊನೆಯ ದಿನಗಳಲ್ಲಿ ಹಾಸಿಗೆಯ ಪಕ್ಕ ಕೂತಿದ್ದ ಮಗನಿಗೆ ಒಂದು ಅಚ್ಚರಿ ಕಾದಿತ್ತು. ಕಪ್ಪು ಬಿಳಿ ಎನ್ನದೆ ಜನ ಬಾಗಿಲಿಗೆ ಬಂದು, ಅರ್ಲ್ ಗುಟ್ಟಾಗಿ ಮಾಡಿದ್ದ ಉಪಕಾರಗಳನ್ನು ಹೇಳತೊಡಗಿದರು. ವರ್ಣಭೇದವನ್ನು ನಂಬಿದ್ದ, ಕಟ್ಟುನಿಟ್ಟಿನ ಆ ಮನುಷ್ಯನೇ ಎಷ್ಟೋ ಬಡವರ ಸಾಲವನ್ನು ಸದ್ದಿಲ್ಲದೆ ಬಿಟ್ಟಿದ್ದರು. ನೌಕಾಪಡೆಯಲ್ಲಿ ಎಷ್ಟು ಎತ್ತರಕ್ಕೆ ಏರಿದರೂ ಹೀಗೆ ಬದುಕಲು ಆದೀತೇ ಎಂಬ ಯೋಚನೆ ಕಾರ್ಟರ್‌ಗೆ ಹತ್ತಿತು. ರಾಜೀನಾಮೆ ಕೊಟ್ಟು ಊರಿಗೆ ಹೊರಟರು. ರೊಸಾಲಿನ್ ಸಿಟ್ಟಾದರು; ದಾರಿಯುದ್ದಕ್ಕೂ ಮುಖಕೊಟ್ಟು ಮಾತಾಡಲಿಲ್ಲ.

ಬಂದ ಮರುವರ್ಷವೇ ಬರ. 1954ರಲ್ಲಿ ಕೈಗೆ ಉಳಿದ ಲಾಭ 300 ಡಾಲರಿಗಿಂತ ಕಡಿಮೆ. ಇರುವುದಕ್ಕೆ ಬಡವರಿಗೆಂದು ಸರ್ಕಾರ ಕಟ್ಟಿಸಿದ ಬಾಡಿಗೆ ಮನೆ. ಇಂಜಿನಿಯರ್ ತಲೆಯ ಕಾರ್ಟರ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಹೋಗಿ ಮಣ್ಣು, ತಳಿ, ಗೊಬ್ಬರದ ಪಾಠ ಕೇಳಿದರು. ಕಡಲೆಕಾಯಿ ಬೆಳೆದು ಮಾರುವುದಕ್ಕಿಂತ ಪ್ರಮಾಣಿತ ಬಿತ್ತನೆ ಬೀಜ ಮಾಡಿ ಮಾರುವುದರಲ್ಲಿ ಗಿಟ್ಟುತ್ತದೆ ಎಂದು ಕಂಡುಕೊಂಡರು. ಗೋದಾಮು ಬೆಳೆಯಿತು. ಸಿಪ್ಪೆ ಬಿಡಿಸುವ ಯಂತ್ರ, ಹತ್ತಿ ಜಿನ್ನು ಬಂದವು. ಲೆಕ್ಕದ ಪುಸ್ತಕ ರೊಸಾಲಿನ್ ಕೈ ಸೇರಿತು. ಯಾವುದರಲ್ಲಿ ಲಾಭ, ಯಾವುದರಲ್ಲಿ ನಷ್ಟ ಎಂದು ಹೇಳುವವರು ಅವರೇ ಆದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸುತ್ತಲಿನ ರೈತರಿಗೆ ಬೀಜ, ಗೊಬ್ಬರ ಉದ್ರಿ ಕೊಟ್ಟು, ಸುಗ್ಗಿಯಲ್ಲಿ ಅವರ ಬೆಳೆಯನ್ನೇ ಕೊಂಡು, ಲೆಕ್ಕ ಹೊಂದಿಸುವವರನ್ನು ನಮ್ಮ ಕಡೆ ಏನೆನ್ನುತ್ತೇವೆ? ಚಳ್ಳಕೆರೆಯಲ್ಲೋ ಪಾವಗಡದಲ್ಲೋ ಶೇಂಗಾ ಬೆಳೆಯುವ ಯಾರನ್ನು ಕೇಳಿದರೂ ಮಂಡಿ ಸಾಹುಕಾರ ಎಂದಾರು. ಕಾರ್ಟರ್ ರೈತರೂ ಹೌದು, ಮಂಡಿ ಮಾಲೀಕರೂ ಹೌದು. ಚುನಾವಣೆಯ ಪೋಸ್ಟರುಗಳಲ್ಲಿ ಕಂಡದ್ದು ಮೊದಲನೆಯ ಕಾರ್ಟರ್. ಆಡಳಿತದ ತೀರ್ಮಾನಗಳಲ್ಲಿ ಹೆಚ್ಚಾಗಿ ಕಂಡದ್ದು ಎರಡನೆಯವರು: ಜಮಾ ಖರ್ಚು ತಾಳೆಯಾಗದೆ ನಿದ್ದೆ ಬಾರದ ಮನುಷ್ಯ.

ಸತ್ತವರೂ ಓಟು ಹಾಕಿದರು

ವರ್ಣಭೇದ ಉಳಿಸಿಕೊಳ್ಳಲು ಬಿಳಿಯರು ಕಟ್ಟಿಕೊಂಡಿದ್ದ ಮಂಡಳಿಗೆ ಸೇರಲು ಕಾರ್ಟರ್ ಒಪ್ಪಲಿಲ್ಲ. ಸದಸ್ಯತ್ವದ ಹಣ ಬರೀ 5 ಡಾಲರ್. ಕೊಡದ್ದಕ್ಕೆ ಗಿರಾಕಿಗಳು ಕೆಲಕಾಲ ಮಂಡಿಗೆ ಬೆನ್ನು ತಿರುಗಿಸಿದರು. ಜಿಲ್ಲೆಯ ಶಾಲಾ ಮಂಡಳಿಯಲ್ಲಿದ್ದ ಅವರಿಗೆ ರಾಜಕೀಯದ ಬಿಸಿ ಆಗಲೇ ತಾಗಿತ್ತು. 1962ರ ಅಕ್ಟೋಬರ್ 1ರಂದು, ತಮ್ಮ 38ನೇ ಹುಟ್ಟುಹಬ್ಬದ ದಿನ, ರಾಜ್ಯದ ಸೆನೆಟ್‌ಗೆ ನಿಲ್ಲುವುದಾಗಿ ತೀರ್ಮಾನಿಸಿದರು.

ಕ್ವಿಟ್‌ಮನ್ ಜಿಲ್ಲೆಯ ಮತಗಟ್ಟೆಯೊಂದರಲ್ಲಿ ಸ್ಥಳೀಯ ಪಾಳೇಗಾರ ಜೋ ಹರ್ಸ್ಟ್ ಹೇಳಿದ್ದೇ ಕಾನೂನು. ಹೆಂಡದ ಬಾಟಲಿ ತುಂಬಿ ಬರುವ ರಟ್ಟಿನ ಪೆಟ್ಟಿಗೆಯೇ ಮತಪೆಟ್ಟಿಗೆ. ಜನ ಓಟು ಹಾಕುವುದನ್ನು ಆತ ಎದುರು ನಿಂತು ನೋಡುತ್ತಿದ್ದ. ಎಣಿಸಿದಾಗ ಬಂದ ಮತದಾರರಿಗಿಂತ ಒಳಗಿದ್ದ ಚೀಟಿಗಳೇ ಹೆಚ್ಚು. ಸತ್ತವರ ಹೆಸರಲ್ಲೂ ಓಟು ಬಿದ್ದಿತ್ತು. ಪಟ್ಟಿಯನ್ನು ನಂಬುವುದಾದರೆ ನೂರಕ್ಕೂ ಹೆಚ್ಚು ಜನ ತಮ್ಮ ಹೆಸರಿನ ಅಕ್ಷರಾನುಕ್ರಮದಲ್ಲೇ ಸಾಲು ನಿಂತು ಓಟು ಹಾಕಿಹೋಗಿದ್ದರು! ಸೋತರೆಂದು ಘೋಷಣೆಯಾದ ಕಾರ್ಟರ್ ಸುಮ್ಮನಾಗಲಿಲ್ಲ. ಮನೆಮನೆ ತಿರುಗಿ ಸಾಕ್ಷಿ ಕೂಡಿಸಿದರು. ಅಟ್ಲಾಂಟಾದ ಪತ್ರಕರ್ತ ಜಾನ್ ಪೆನ್ನಿಂಗ್ಟನ್ ವರದಿಗಳು, ವಕೀಲ ಚಾರ್ಲ್ಸ್ ಕಿರ್ಬೊ ವಾದ ನೆರವಿಗೆ ಬಂದವು. ಪೆಟ್ಟಿಗೆಯ ಮತಗಳು ಅನೂರ್ಜಿತವಾದವು; ಕಾರ್ಟರ್ ಗೆದ್ದರು.

1966ರಲ್ಲಿ ಗವರ್ನರ್ ಪದವಿಗೆ ನಿಂತು ಸೋತರು. 1970ರಲ್ಲಿ ಗೆದ್ದರು, ಆದರೆ ಆ ಗೆಲುವು ಕಲೆಯಿಲ್ಲದ್ದಲ್ಲ. ವರ್ಣಭೇದ ಬಯಸುವ ಬಿಳಿಯರ ಓಟು ಸೆಳೆಯಲು ಅವರು ಅಂಥವರಿಗೆ ಹಿತವಾಗುವ ಮಾತುಗಳನ್ನೇ ಆಡಿದ್ದರು. ಗದ್ದುಗೆ ಸಿಕ್ಕ ದಿನವೇ, 1971ರ ಜನವರಿಯ ಪದಗ್ರಹಣ ಭಾಷಣದಲ್ಲಿ, ವರ್ಣಭೇದದ ಕಾಲ ಮುಗಿಯಿತೆಂದು ಸಾರಿದಾಗ ಅವರಿಗೆ ಓಟು ಹಾಕಿದ್ದ ಹಲವರೇ ಕಂಗಾಲಾದರು. ಓಟಿಗಾಗಿ ಒಂದು, ಆಡಳಿತಕ್ಕೆ ಇನ್ನೊಂದು ಎಂಬ ಆರೋಪ ಅಂದಿನಿಂದಲೇ ಅಂಟಿಕೊಂಡಿತು.

ವಾಟರ್‌ಗೇಟ್ ಹಗರಣದಿಂದ ರೋಸಿಹೋಗಿದ್ದ ದೇಶಕ್ಕೆ ರಾಜಧಾನಿಯ ಗಾಳಿ ಸೋಕದ ಮನುಷ್ಯ ಬೇಕಿತ್ತು. ಅಧ್ಯಕ್ಷ ಪದವಿಗೆ ನಿಂತ ಕಾರ್ಟರ್ ಅಯೋವದ ಮೆಕ್ಕೆಜೋಳ ಬೆಳೆಯುವ ಊರುಗಳಲ್ಲಿ ರೈತರ ಮನೆಯಲ್ಲೇ ತಂಗಿ ಪ್ರಚಾರ ಮಾಡಿದರು. ಜಾರ್ಜಿಯದ ನೆಂಟರು, ಗೆಳೆಯರು ‘ಕಡಲೆಕಾಯಿ ದಳ’ ಎಂದು ಹೆಸರಿಟ್ಟುಕೊಂಡು, ತಮ್ಮದೇ ಖರ್ಚಿನಲ್ಲಿ ದೂರದ ರಾಜ್ಯಗಳಿಗೆ ಹೋಗಿ ಬಾಗಿಲು ತಟ್ಟಿದರು. 1976ರ ನವೆಂಬರಿನಲ್ಲಿ ಆಗಿನ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸೋತರು. ಮರುವರ್ಷ ಜನವರಿಯಲ್ಲಿ ಹೊಸ ಅಧ್ಯಕ್ಷರು ಹೆಂಡತಿಯ ಕೈ ಹಿಡಿದು ನಡೆದೇ ಶ್ವೇತಭವನ ಸೇರಿದರು.

ರೈತನೆದುರು ರೈತರು

1978ರ ಜನವರಿ 3ರಂದು ಕಾರ್ಟರ್ ದಂಪತಿ ನಮ್ಮ ಹರಿಯಾಣದ ದೌಲತ್‌ಪುರ ನಾಸಿರಾಬಾದ್ ಎಂಬ ಹಳ್ಳಿಗೆ ಬಂದಿದ್ದರು. ಹಳ್ಳಿಯವರು ಸಂತೋಷದಿಂದ ಊರಿನ ಹೆಸರನ್ನೇ ಕಾರ್ಟರ್‌ಪುರಿ ಎಂದು ಬದಲಿಸಿದರು. ಭಾರತ ಆ ಮನೆಗೆ ಹೊಸದಾಗಿರಲಿಲ್ಲ. ತಾಯಿ ಲಿಲಿಯನ್ 68ನೇ ವಯಸ್ಸಿನಲ್ಲಿ ಅಮೆರಿಕದ ಸ್ವಯಂಸೇವಾ ಪಡೆ ಪೀಸ್ ಕೋರ್ ಸೇರಿ, ಮುಂಬಯಿಯ ವಿಕ್ರೋಲಿಯಲ್ಲಿ ರೋಗಿಗಳ ಸೇವೆ ಮಾಡಿದ್ದರು. ಹರಿಯಾಣದಲ್ಲಿ ಅಧ್ಯಕ್ಷರಿಗೆ ಪೇಟ ಸಿಗುತ್ತಿದ್ದ ಹೊತ್ತಿಗೆ ಅವರದೇ ದೇಶದ ರೈತರು ಮುಷ್ಕರ ಹೂಡಿದ್ದರು.

ಆ ಸಿಟ್ಟಿಗೆ ಹಿನ್ನೆಲೆಯಿತ್ತು. 1972ರಲ್ಲಿ ಸೋವಿಯತ್ ಒಕ್ಕೂಟ ಭಾರಿ ಪ್ರಮಾಣದಲ್ಲಿ ಧಾನ್ಯ ಕೊಂಡಾಗ ಧಾರಣೆ ಏರಿತ್ತು. ಬದು ಬಿಡದೆ ಬಿತ್ತಿ ಎಂದು ಆಗಿನ ಸರ್ಕಾರ ಹುರಿದುಂಬಿಸಿತು. ರೈತರು ಸಾಲ ಮಾಡಿ ಜಮೀನು, ಯಂತ್ರ ಕೊಂಡರು. 1977ರ ಹೊತ್ತಿಗೆ ಧಾರಣೆ ನೆಲಕಚ್ಚಿತು. ಡೀಸೆಲ್, ಗೊಬ್ಬರ, ಬಡ್ಡಿ ಮಾತ್ರ ಏರುತ್ತಲೇ ಹೋದವು. ಕೊಲರಾಡೊದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಹುಟ್ಟಿದ ‘ಅಮೆರಿಕನ್ ಅಗ್ರಿಕಲ್ಚರ್ ಮೂವ್‌ಮೆಂಟ್’ ಸಂಘಟನೆ ‘ಪ್ಯಾರಿಟಿ’ ಬೆಲೆ ಕೇಳಿತು. 1910ರಿಂದ 1914ರ ನಡುವೆ ಒಂದು ಚೀಲ ಗೋಧಿ ಮಾರಿದರೆ ಎಷ್ಟು ಸಾಮಾನು ಬರುತ್ತಿತ್ತೋ ಈಗಲೂ ಅಷ್ಟು ಬರಬೇಕು ಎಂಬುದು ಅದರ ತಿರುಳು. ಪ್ಲೇನ್ಸ್ ಊರಿಗೇ ಟ್ರ್ಯಾಕ್ಟರ್ ಮೆರವಣಿಗೆ ಹೋಯಿತು.

ಕಾರ್ಟರ್ ಏನೂ ಮಾಡಲಿಲ್ಲ ಎನ್ನುವಂತಿಲ್ಲ. 1977ರ ಕೃಷಿ ಕಾಯ್ದೆಗೆ ಸಹಿ ಹಾಕಿದರು. ಅದೇ ಕಾಯ್ದೆಯಡಿ ಬಡವರು ಆಹಾರ ಕೂಪನ್ನಿಗೆ ಮುಂಗಡ ಹಣ ಕಟ್ಟುವುದು ತಪ್ಪಿತು. ಪೂರ್ತಿ ಪ್ಯಾರಿಟಿ ಬೆಲೆಗೆ ಮಾತ್ರ ಅವರು ಜಗ್ಗಲಿಲ್ಲ. ಬೆಲೆಯೇರಿಕೆ ಆಗಲೇ ದೇಶವನ್ನು ಹಿಂಡುತ್ತಿದೆ, ಖಜಾನೆ ತಾಳದು, ಪೇಟೆಯ ಬಡವನ ರೊಟ್ಟಿ ತುಟ್ಟಿಯಾಗುತ್ತದೆ ಎಂಬುದು ಅವರ ಲೆಕ್ಕ. ಆ ಲೆಕ್ಕ ತಪ್ಪಾಗಿರಲಿಲ್ಲ. ಆದರೆ ಬ್ಯಾಂಕಿನವರು ಟ್ರ್ಯಾಕ್ಟರ್ ಎಳೆದೊಯ್ಯಲು ಬಾಗಿಲಲ್ಲಿ ನಿಂತಿರುವಾಗ ದೇಶದ ಲೆಕ್ಕ ಯಾವ ರೈತನ ಕಿವಿಗೂ ಇಳಿಯುವುದಿಲ್ಲ. ಅಧ್ಯಕ್ಷರ ಸ್ವಂತ ಬೆಳೆಯಾದ ಕಡಲೆಕಾಯಿಗೆ ದಶಕಗಳಿಂದ ಸರ್ಕಾರಿ ಕೋಟಾ ಮತ್ತು ಬೆಂಬಲ ಬೆಲೆಯ ಬಿಗಿ ರಕ್ಷಣೆ ಇದ್ದದ್ದನ್ನೂ ಗೋಧಿ ಬೆಳೆಯುವವರು ಬಲ್ಲರು.

ಕೊನೆಯ ಏಟು ಬಿದ್ದದ್ದು 1980ರ ಜನವರಿ 4ರಂದು. ಅಫ್ಗಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ್ದಕ್ಕೆ ಪ್ರತಿಯಾಗಿ, ಹಳೆಯ ಒಪ್ಪಂದದ 80 ಲಕ್ಷ ಟನ್ ಬಿಟ್ಟು ಉಳಿದ 1.7 ಕೋಟಿ ಟನ್ ಧಾನ್ಯದ ಮಾರಾಟವನ್ನು ಕಾರ್ಟರ್ ತಡೆದರು. ಮಾರುಕಟ್ಟೆ ಕುಸಿಯದಂತೆ ಸರ್ಕಾರವೇ ಧಾನ್ಯ ಕೊಂಡಿತು. ಸೋವಿಯತ್ ಒಕ್ಕೂಟ ಅರ್ಜೆಂಟೀನ ಮೊದಲಾದ ಕಡೆಯಿಂದ ತರಿಸಿಕೊಂಡು ಬಹುಪಾಲು ಕೊರತೆ ತುಂಬಿಕೊಂಡಿತು. ವಿದೇಶ ನೀತಿಯ ಬೆಲೆಯನ್ನು ಹೊಲದಲ್ಲಿ ವಸೂಲಿ ಮಾಡಿದರು ಎಂಬ ಕಹಿ ರೈತರಲ್ಲಿ ಉಳಿಯಿತು. ಸರ್ಕಾರ ತನ್ನ ಬೆಳೆಗೆ ಕೈಹಾಕಿತೆಂದು ಅರ್ಲ್ ಕಾರ್ಟರ್ ರೂಸ್‌ವೆಲ್ಟ್ ಮೇಲೆ ಸಾಧಿಸಿದ ಹಠವನ್ನು ಅಮೆರಿಕದ ಮಧ್ಯಭಾಗದ ರೈತರು ಅವರ ಮಗನ ಮೇಲೆ ಸಾಧಿಸಿದರು. ಬಡ್ಡಿ ದರ ಶೇ 20ರ ಆಸುಪಾಸಿಗೆ ಮುಟ್ಟಿತ್ತು, ಇರಾನ್‌ನಲ್ಲಿ ಒತ್ತೆಯಾಗಿದ್ದ ಅಮೆರಿಕನ್ನರು ಬಿಡುಗಡೆಯಾಗಿರಲಿಲ್ಲ. ಆ ನವೆಂಬರಿನಲ್ಲಿ ರೇಗನ್ ಎದುರು ಕಾರ್ಟರ್ ಹೀನಾಯವಾಗಿ ಸೋತರು. ಮರುವರ್ಷ ರೇಗನ್ ಧಾನ್ಯದ ನಿರ್ಬಂಧ ತೆಗೆದರು. ರೈತರ ಸಾಲದ ಸಂಕಟ ತೀರಲಿಲ್ಲ. ಎಂಬತ್ತರ ದಶಕದಲ್ಲಿ ಇನ್ನಷ್ಟು ಜಮೀನುಗಳು ಹರಾಜಾದವು.

ಸಾಲ ಹೊತ್ತು ಊರಿಗೆ

ಅಧ್ಯಕ್ಷರಾದಾಗ ಕಾರ್ಟರ್ ತಮ್ಮ ವ್ಯವಹಾರವನ್ನು ಕಿರ್ಬೊ ಅವರ ಸುಪರ್ದಿಗೆ ಬಿಟ್ಟಿದ್ದರು. ಅಧಿಕಾರದ ನೆರಳು ವ್ಯಾಪಾರದ ಮೇಲೆ ಬೀಳಬಾರದೆಂದು ಅದರ ಆಗುಹೋಗು ವಿಚಾರಿಸುವಂತಿರಲಿಲ್ಲ. ಆದರೂ ಮಂಡಿಗೆ ಬ್ಯಾಂಕಿನಿಂದ ಬಂದ ಸಾಲದ ಬಗ್ಗೆ ಗುಲ್ಲೆದ್ದು, 1979ರಲ್ಲಿ ವಿಶೇಷ ತನಿಖೆ ನಡೆಯಿತು. ಅಪರಾಧಕ್ಕೆ ಆಧಾರವಿಲ್ಲವೆಂದು ತನಿಖಾಧಿಕಾರಿ ಪಾಲ್ ಕರನ್ ವರದಿ ಕೊಟ್ಟರು. 1981ರಲ್ಲಿ ಊರಿಗೆ ಮರಳಿದಾಗ ಮಂಡಿಯ ಮೇಲೆ ಸುಮಾರು 10 ಲಕ್ಷ ಡಾಲರ್ ಸಾಲ ನಿಂತಿತ್ತು. ಸಾಲು ಬರಗಾಲ ಒಂದು ಕಡೆ, ನೋಡಿಕೊಳ್ಳುವವರಿಲ್ಲದ ವ್ಯಾಪಾರ ಇನ್ನೊಂದು ಕಡೆ. ಜಮೀನು ಉಳಿಸಿಕೊಳ್ಳಲು ಮಂಡಿ ಮಾರಿದರು. ಪುಸ್ತಕ ಬರೆದು ಸಾಲ ತೀರಿಸುವುದು ಜೀವನೋಪಾಯವಾಯಿತು.

ಅಧಿಕಾರ ಕಳೆದುಕೊಂಡ ಮೇಲೆ ಕಾರ್ಟರ್ ಮಾಡಿದ ಕೆಲಸಗಳಲ್ಲಿ ರೈತರ ಪಾಲಿಗೆ ದೊಡ್ಡವು ಸದ್ದುಮಾಡದೆ ನಡೆದವು. 1986ರಲ್ಲಿ ಕೃಷಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಮತ್ತು ಜಪಾನಿನ ದಾನಿ ರ‍್ಯೋಯಿಚಿ ಸಸಕಾವ ಜತೆಗೂಡಿ ಆಫ್ರಿಕದ ಸಣ್ಣ ರೈತರ ಹೊಲಗಳಲ್ಲಿ ಪ್ರಾತ್ಯಕ್ಷಿಕೆ ಶುರುಮಾಡಿದರು. ಒಳ್ಳೆಯ ಬೀಜ, ಹಿತಮಿತ ಗೊಬ್ಬರ ಬಿದ್ದ ತಾಕುಗಳಲ್ಲಿ ಮೆಕ್ಕೆಜೋಳದ ಇಳುವರಿ ಇಮ್ಮಡಿಯಾಯಿತು. ಸಾಲ, ರಸ್ತೆ, ಮಾರುಕಟ್ಟೆ ಇಲ್ಲದ ಕಡೆ ಅದು ನಿಲ್ಲಲಿಲ್ಲ. ಬೆಳೆ ತೆಗೆಯುವುದಕ್ಕಿಂತ ಮಾರುವುದೇ ಕಷ್ಟ ಎಂಬ ಸಂಗತಿ ಆ ಹಳೆಯ ಮಂಡಿ ಮಾಲೀಕರಿಗೆ ಹೊಸದೇನಲ್ಲ.

ಅದೇ ವರ್ಷ ಅವರು ಸ್ಥಾಪಿಸಿದ್ದ ಸಂಸ್ಥೆ ಕೈಹಾಕಿದ್ದು ನಾರುಹುಣ್ಣಿನ ನಿರ್ಮೂಲನೆಗೆ. ಕೆರೆಬಾವಿಗಳ ಕೊಳಕು ನೀರಿನಿಂದ ಮೈಸೇರಿ, ವರ್ಷದ ನಂತರ ಕಾಲಿನಿಂದ ಮೊಳದುದ್ದ ಹುಳವಾಗಿ ಹೊರಬರುವ ಈ ರೋಗ ಕರ್ನಾಟಕಕ್ಕೂ ಪರಿಚಿತ. ಅದು ಕಾಡುತ್ತಿದ್ದ ಏಳು ರಾಜ್ಯಗಳಲ್ಲಿ ನಮ್ಮದೂ ಒಂದು. ಭಾರತ ಕಾರ್ಟರ್‌ಗಿಂತ ಮೊದಲೇ ತನ್ನ ಅಭಿಯಾನ ಆರಂಭಿಸಿ, 1996ರಲ್ಲಿ ಕೊನೆಯ ರೋಗಿಯನ್ನು ಕಂಡು, 2000ದಲ್ಲಿ ರೋಗಮುಕ್ತವೆನಿಸಿತು. ಆಫ್ರಿಕದಲ್ಲಿ ಬಿತ್ತನೆಯ ಹೊತ್ತಿಗೇ ಸಂಸಾರಗಳನ್ನು ಹಾಸಿಗೆ ಹಿಡಿಸುತ್ತಿದ್ದ ಪಿಡುಗಿಗೆ ಲಸಿಕೆಯಿಲ್ಲ, ಔಷಧವಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದನ್ನು ಊರೂರಿಗೆ ಕಲಿಸುವುದೇ ಮದ್ದು. 1986ರಲ್ಲಿ ಜಗತ್ತಿನಲ್ಲಿ 35 ಲಕ್ಷ ರೋಗಿಗಳಿದ್ದರು. 2023ರಲ್ಲಿ 14 ಜನ. ನೊಬೆಲ್ ಶಾಂತಿ ಪ್ರಶಸ್ತಿ 2002ರಲ್ಲಿ ಬಂತು. ಹೊಲದ ನಂಟೂ ಬಿಡಲಿಲ್ಲ. 2017ರಲ್ಲಿ ಪ್ಲೇನ್ಸ್‌ನ ಹತ್ತು ಎಕರೆ ಜಮೀನನ್ನು ಸೌರವಿದ್ಯುತ್ ಘಟಕಕ್ಕೆ ಬಿಟ್ಟುಕೊಟ್ಟರು. 1961ರಲ್ಲಿ ಕಟ್ಟಿಸಿದ ಸಾಧಾರಣ ಮನೆಯಲ್ಲೇ 2024ರ ಡಿಸೆಂಬರ್ 29ರಂದು ಕಾರ್ಟರ್ ತೀರಿಕೊಂಡರು.

ನಮ್ಮಲ್ಲೂ ಓಟಿನ ಹಂಗಾಮು ಬಂದಾಗ ಮಣ್ಣಿನ ಮಕ್ಕಳು ಹೆಚ್ಚುತ್ತಾರೆ. ಹಸಿರು ಶಾಲು ಹೆಗಲೇರುತ್ತದೆ. ಅವರಲ್ಲಿ ನಿಜವಾಗಿ ಉತ್ತವರೂ ಇರುತ್ತಾರೆ. ಕಾರ್ಟರ್ ಬದುಕು ಹೇಳುವುದು ಇಷ್ಟು: ಹೊಲ ಮನುಷ್ಯನಿಗೆ ದುಡಿಮೆ, ಮಿತವ್ಯಯ, ನೆರೆಯವರ ಋಣ ಕಲಿಸಬಲ್ಲದು, ಅದರೊಂದಿಗೇ ಯಾರ ಪರ ನಿಲ್ಲಬೇಕೆಂಬುದನ್ನು ಕಲಿಸಿಬಿಡುತ್ತದೆಂಬ ಖಾತರಿಯಿಲ್ಲ. ಯಜಮಾನನಿಗೆ ಕಲಿಸಿದ್ದೇ ಬೇರೆ, ಪಾಲಿಗೆ ಮಾಡುವವನಿಗೆ ಕಲಿಸಿದ್ದೇ ಬೇರೆ. ಹಾಗಾಗಿ ಓಟು ಕೇಳಲು ಬಂದ ರೈತನನ್ನು ನೇಗಿಲು ಹಿಡಿದಿದ್ದೀಯಾ ಎಂದು ಕೇಳಿದರೆ ಸಾಲದು. ಧಾರಣೆ ಬಿದ್ದ ವರ್ಷ ನಷ್ಟ ಯಾರ ತಲೆಗೆ ಕಟ್ಟುತ್ತೀ ಎಂದು ಕೇಳಬೇಕು. ಆ ಪ್ರಶ್ನೆಗೆ ಅಧ್ಯಕ್ಷ ಕಾರ್ಟರ್ ಕೊಟ್ಟ ಉತ್ತರವನ್ನು ಅವರ ದೇಶದ ರೈತರು ಒಪ್ಪಲಿಲ್ಲ. ಮಾಜಿ ಅಧ್ಯಕ್ಷರಾಗಿ ನಾಲ್ಕು ದಶಕ ಅವರು ಕೊಟ್ಟ ಉತ್ತರವನ್ನು, ಅವರಿಗೆ ಓಟು ಹಾಕುವ ಹಕ್ಕೇ ಇಲ್ಲದ ಊರುಗಳ ರೈತರು ಒಪ್ಪಿದರು.